ಗರ್ಭಿಣಿಯ ಪರೀಕ್ಷೆ: ರಾಶಿ ಮುಗಿಯಲೆಂದು ಕಾಯಬೇಡಿ



ಚಂದ್ರಂಪಳ್ಳಿ ಜಲಾಶಯದ ಆಸುಪಾಸಿನ ಹಳ್ಳಿ, ತಾಂಡಾಗಳಲ್ಲಿ ತೊಗರಿ ಮುಖ್ಯ ಬೆಳೆ. ಬಿತ್ತನೆಯಿಂದ ರಾಶಿಯವರೆಗೆ ಹೆಣ್ಣುಮಕ್ಕಳ ದುಡಿಮೆಯಿಲ್ಲದೆ ಕಾಳು ಮನೆ ಸೇರುವುದಿಲ್ಲ. ಬಿತ್ತುವ ಮೊದಲು ಬೀಜದ ಮೊಳಕೆ ಪರೀಕ್ಷಿಸುವ ನೀವು, ಮನೆಯ ಗರ್ಭಿಣಿಯ ಪರೀಕ್ಷೆಯನ್ನು ಮುಂದೂಡುವುದು ತರವೇ?

ಕರ್ನಾಟಕದಲ್ಲಿ 2004-06ರಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಈ ಸಂಖ್ಯೆ 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ ಇದಕ್ಕೊಂದು ದೊಡ್ಡ ಕಾರಣ. ಆದರೆ ನೋವು ಬಂದ ದಿನ ಆಸ್ಪತ್ರೆಗೆ ಓಡಿದರಷ್ಟೇ ಸಾಲದು. ರಕ್ತಹೀನತೆಯುಳ್ಳ ತಾಯಿಗೆ ಹೆರಿಗೆಯ ರಕ್ತಸ್ರಾವ ಪ್ರಾಣಾಪಾಯ ತರಬಹುದು. ಮೈಯಲ್ಲಿ ರಕ್ತ ತುಂಬಲು ತಿಂಗಳುಗಳೇ ಬೇಕು.

ಮಾಡಬೇಕಾದ ಕ್ರಮಗಳು

1. ಮುಟ್ಟು ನಿಂತೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ. 12 ವಾರಗಳೊಳಗೆ ಹೆಸರು ನೋಂದಾಯಿಸಿ, ತಾಯಿ ಕಾರ್ಡು ಪಡೆಯಿರಿ.

2. ಹೆರಿಗೆಯೊಳಗೆ ಕನಿಷ್ಠ 4 ಸಲ ತೂಕ, ರಕ್ತದೊತ್ತಡ, ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. 4ನೇ ತಿಂಗಳಿನಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಂದ ಉಚಿತ ತಪಾಸಣೆ ಉಂಟು. ಈ ಏರ್ಪಾಡು 2016ರಲ್ಲಿ ಆರಂಭವಾಯಿತು.

3. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ; 7ಕ್ಕಿಂತ ಕಡಿಮೆಯಾದರೆ ಆಸ್ಪತ್ರೆಯ ಚಿಕಿತ್ಸೆಯೇ ಬೇಕು. 4ನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆಯನ್ನು 180 ದಿನ, ಹೆರಿಗೆಯ ನಂತರವೂ 180 ದಿನ ನುಂಗಬೇಕು. ಚಹಾದೊಡನೆ ಅಥವಾ ಸುಣ್ಣಾಂಶದ ಮಾತ್ರೆಯೊಡನೆ ಸೇವಿಸಬಾರದು. ಮಲ ಕಪ್ಪಾದರೆ ಹೆದರಿ ಬಿಡಬೇಡಿ.

4. ರೊಟ್ಟಿಯ ಜೊತೆ ಬೇಳೆ, ಸೊಪ್ಪಿನ ಪಲ್ಯ ದಿನವೂ ಇರಲಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಬಿಸಿಯೂಟ ಉಣ್ಣಲಿ.

5. ತೊಗರಿಯ ಕಾಯಿಕೊರಕಕ್ಕೆ ಔಷಧಿ ಹೊಡೆಯುವಾಗ ಗರ್ಭಿಣಿಯನ್ನು ದೂರವಿಡಿ. ಔಷಧಿ ಕಲಸುವುದು, ಸಿಂಪರಣೆಯ ಬಟ್ಟೆ ಒಗೆಯುವುದು ಆಕೆಯ ಕೆಲಸವಾಗಕೂಡದು.

ಹೆರಿಗೆ ಎಲ್ಲಿ?

ಸಹಜ ಹೆರಿಗೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಶಸ್ತ್ರಚಿಕಿತ್ಸೆ ಅಥವಾ ರಕ್ತ ಬೇಕಾದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಆದ್ದರಿಂದ 8ನೇ ತಿಂಗಳಲ್ಲೇ ವೈದ್ಯರನ್ನು ಕೇಳಿ ಸ್ಥಳ ನಿಶ್ಚಯಿಸಿಕೊಳ್ಳಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ.

ರಕ್ತಸ್ರಾವ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸ್, ಮಗುವಿನ ಅಲುಗಾಟ ಕಡಿಮೆಯಾಗುವುದು—ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ. ದುಡಿಮೆಗೆ ಗುಳೆ ಹೋಗುವವರು ತಾಯಿ ಕಾರ್ಡನ್ನು ಮರೆಯದೆ ಜೊತೆಗೆ ಒಯ್ಯಿರಿ.

ಇದು ಹೆಂಗಸರ ವಿಷಯವೆಂದು ಸುಮ್ಮನಿರಬೇಡಿ. ಒಂದು ದಿನದ ಕೆಲಸ ನಾಳೆ ಮಾಡಬಹುದು. ಹೋದ ಜೀವ ಮರಳುವುದಿಲ್ಲ. ಬರುವ 9ನೇ ತಾರೀಖು ನೀವೇ ಜೊತೆಗಿದ್ದು ಆಕೆಯನ್ನು ತಪಾಸಣೆಗೆ ಕರೆದೊಯ್ಯಿರಿ.