ಎಲೆಯ ತುದಿಯ ಉಪ್ಪು

ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆಯನ್ನು ಕೇಳುತ್ತ ಬೆಳೆದವರಿಗೆ, ‘ಉಪ್ಪು ಕಡಿಮೆ ಮಾಡಿ’ ಎಂಬ ವೈದ್ಯರ ಮಾತು ಶಿಕ್ಷೆಯಂತೆ ಕೇಳಿಸುವುದು ಸಹಜ. ಆದರೆ ಮೂತ್ರಪಿಂಡಗಳು ಬಹುಕಾಲದಿಂದ ದುರ್ಬಲಗೊಂಡಿರುವವರಿಗೆ ಈ ಪಥ್ಯವು ಔಷಧಿಯಷ್ಟೇ ಮುಖ್ಯವಾದುದು.

ಆರೋಗ್ಯವಂತರ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರ್ ಹೊರತು ಉಳಿದುದೆಲ್ಲವನ್ನೂ ರಕ್ತಕ್ಕೆ ಹಿಂದಿರುಗಿಸುತ್ತವೆ. ನಾವು ತಿಂದ ಉಪ್ಪಿನ ಸೋಡಿಯಂ ಹೊರಬೀಳಲು ಇದೇ ಮುಖ್ಯ ದಾರಿ. ಸೋಸುವ ಶಕ್ತಿ ಕುಂದಿದಾಗ ಅದು ದೇಹದಲ್ಲಿಯೇ ನಿಂತು, ತನ್ನೊಡನೆ ನೀರನ್ನೂ ಹಿಡಿದಿಡುತ್ತದೆ. ಕಾಲು ಬಾಯುತ್ತದೆ, ರಕ್ತದೊತ್ತಡ ಏರುತ್ತದೆ, ಏರಿದ ಒತ್ತಡವು ಮೂತ್ರಪಿಂಡದ ಅಳಿದುಳಿದ ಭಾಗವನ್ನೂ ಕೆಡಿಸುತ್ತದೆ. ಉಪ್ಪು ಇಳಿದರೆ ಒತ್ತಡವೂ, ಮೂತ್ರದಲ್ಲಿ ಸೋರಿಹೋಗುವ ಪ್ರೋಟೀನೂ ಇಳಿಯುತ್ತವೆ. ಒತ್ತಡದ ಮಾತ್ರೆಗಳೂ ಹೆಚ್ಚು ಫಲ ಕೊಡುತ್ತವೆ.

ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ. ಅಳೆಯಲು ತಕ್ಕಡಿ ಬೇಡ. ನಾಲ್ವರ ಸಂಸಾರದಲ್ಲಿ ಒಂದು ಕಿಲೋ ಪೊಟ್ಟಣ ತಿಂಗಳಿಗೆ ಮುಗಿಯುತ್ತಿದ್ದರೆ ಒಬ್ಬೊಬ್ಬರ ಪಾಲು ದಿನಕ್ಕೆ 8 ಗ್ರಾಂ ದಾಟಿತು. ಹೊರಗಿನ ತಿಂಡಿಯ ಲೆಕ್ಕ ಬೇರೆ.

‘ನಾನು ಎಲೆಯ ತುದಿಗೆ ಉಪ್ಪು ಬಡಿಸಿಕೊಳ್ಳುವುದೇ ಇಲ್ಲ’ ಎಂದು ರೋಗಿಗಳು ಹೆಮ್ಮೆಪಡುವುದುಂಟು. ಅಪಾಯವಿರುವುದು ಎಲೆಯ ತುದಿಯಲ್ಲಲ್ಲ, ಊರಿನಿಂದ ಬರುವ ಡಬ್ಬಿಗಳಲ್ಲಿ. ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಸಂಡಿಗೆ, ಕರಾವಳಿಯವರ ಉಪ್ಪುಸೊಳೆ ಹಾಗೂ ಒಣಮೀನು - ಪರಸ್ಥಳದಲ್ಲಿರುವ ನಮಗೆ ಇವು ಬರಿಯ ತಿನಿಸಲ್ಲ, ತೌರಿನ ನೆನಪು. ಬಿಡೆಂದು ಹೇಳುವುದು ಸುಲಭ, ಬಿಡುವುದು ಕಷ್ಟ. ಆದರೂ ಹಬ್ಬಹುಣ್ಣಿಮೆಗೆ ಒಂದು ಚೂರು ಎಂಬಲ್ಲಿಗೆ ಅವನ್ನು ನಿಲ್ಲಿಸಲೇಬೇಕು. ಹಪ್ಪಳದ ಖಾರ, ಅಡಿಗೆ ಸೋಡಾ, ಪಾವ್, ಬಿಸ್ಕತ್ತು, ಫರಸಾಣಗಳಲ್ಲಿಯೂ ಸೋಡಿಯಂ ಅಡಗಿದೆ.

ಒಮ್ಮೆಲೇ ಸಪ್ಪೆ ಮಾಡಿದರೆ ಊಟ ಸೇರದು. ವಾರವಾರಕ್ಕೆ ಸ್ವಲ್ಪಸ್ವಲ್ಪ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ. ಜೀರಿಗೆ, ಮೆಣಸು, ಶುಂಠಿ, ಕರಿಬೇವಿನ ಒಗ್ಗರಣೆ, ನಾಲ್ಕು ಹನಿ ನಿಂಬೆರಸ ಉಪ್ಪಿನ ಕೊರತೆಯನ್ನು ಮರೆಸುತ್ತವೆ. ರೋಗಿಗೆ ಬೇರೆ ಸಾರು, ಮನೆಯವರಿಗೆ ಬೇರೆ ಸಾರು ಎಂಬ ಏರ್ಪಾಡು ಬಹಳ ದಿನ ನಡೆಯದು. ಉಪ್ಪಿಗಾಗಿ 1930ರಲ್ಲಿ ದಂಡಿಗೆ ನಡೆದ ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ, ಕಸ್ತೂರಬಾ ಅವರ ಕಾಯಿಲೆಯ ನಿಮಿತ್ತ ಉಪ್ಪು, ಬೇಳೆಗಳನ್ನು ಮೊದಲು ತಾವೇ ಬಿಟ್ಟಿದ್ದರು.

ಒಂದು ಎಚ್ಚರಿಕೆ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಎಳನೀರಿಗೂ ಇದೇ ಮಾತು. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ ಆದ್ದರಿಂದ ಅದರಿಂದ ಲಾಭವಿಲ್ಲ. ಇನ್ನು, ಮೂತ್ರದಲ್ಲಿ ಉಪ್ಪು ಸೋರಿಹೋಗುವ ಕೆಲವು ವಿರಳ ಬೇನೆಗಳಿವೆ. ವಾಂತಿಭೇದಿಯಾದಾಗಲೂ ಲೆಕ್ಕ ಬದಲಾಗುತ್ತದೆ. ಅಂಥವರು ತಾವೇ ಪಥ್ಯ ಹೂಡದೆ ವೈದ್ಯರನ್ನು ಕೇಳಬೇಕು.