ಬಾದಾಮಿಗೆ ಕಂಪನಿ ಬಂದ ದಾರಿ

ಪ್ರಶ್ನೆ: ಕಡಲಿನಿಂದ ಇಷ್ಟು ದೂರದ ಬಾದಾಮಿ, ಬಾಗಲಕೋಟೆಗಳು ವ್ಯಾಪಾರಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದದ್ದು ಹೇಗೆ?

ಸರಕಿನ ಹಿಂದೆ ಅಲ್ಲ, ಬಾಡಿಗೆ ಸೈನ್ಯದ ಹಿಂದೆ. ಬದುವಿನ ಜಗಳಕ್ಕೆ ಬಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬ ಹೊರಗಿನಿಂದ ಕಾವಲಿನವನನ್ನು ತರುತ್ತಾನೆ. ಕೂಲಿ ಕೊಡಲಾಗದೆ ಫಸಲು ಬಿಟ್ಟುಕೊಡುತ್ತಾನೆ. ಕೊನೆಗೆ ಹೊಲವೇ ಕಾವಲಿನವನದು. ದಖ್ಖನಿನಲ್ಲಿ ಈ ದಾರಿ ತೋರಿಸಿದವರು ಫ್ರೆಂಚರು. ಇಂಗ್ಲಿಷರನ್ನು ಹಿಂದಿಕ್ಕಲೆಂದು ಅವರ ಸೇನಾನಿ ಬುಸಿ 1751ರಲ್ಲಿ ಹೈದರಾಬಾದಿಗೆ ಪಡೆ ಒಯ್ದ. ಎರಡೇ ವರ್ಷದಲ್ಲಿ ಅದರ ಖರ್ಚಿಗೆಂದು ನಿಜಾಮನ ಕರಾವಳಿ ಸೀಮೆಗಳ ಕಂದಾಯ ಫ್ರೆಂಚರ ಪಾಲಾಯಿತು. ಮುಂದೆ ಅವರು ಸೋತರು, ಉಪಾಯ ಮಾತ್ರ ಗೆದ್ದವರ ಕೈಯಲ್ಲಿ ಉಳಿಯಿತು. 1802ರ ವಸಯಿ ಒಪ್ಪಂದದಲ್ಲಿ ಮರಾಠರ ಪೇಶ್ವೆ ಎರಡನೇ ಬಾಜಿರಾಯ ಕಂಪನಿಯ ಪಡೆಗಾಗಿ 26 ಲಕ್ಷ ರೂಪಾಯಿ ಹುಟ್ಟುವಳಿಯ ನೆಲ ಬರೆದುಕೊಟ್ಟ. ಇಂಗ್ಲಿಷರ ವೈರಿಗಳಾದ ಯುರೋಪಿಯನ್ನರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಷರತ್ತೂ ಅದರಲ್ಲಿತ್ತು. ಹಳೆಯ ಪೈಪೋಟಿಯ ಭಯ ಇನ್ನೂ ಆರಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಂಪನಿಯ ನೆರವಿಲ್ಲದೆಯೂ ನಮ್ಮ ದೊರೆಗಳು ಬಾದಾಮಿಗಾಗಿ ಹೊಡೆದಾಡಿದ್ದರಲ್ಲ ಎಂದು ಕೇಳಬಹುದು. ನಿಜ, 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಆ ಕೋಟೆಯನ್ನು ಟಿಪ್ಪುವಿನಿಂದ ಕಿತ್ತುಕೊಂಡರು. ಆದರೆ ಆಗ ಕೋಟೆ ನೆರೆಯವರ ನಡುವೆಯೇ ಕೈ ಬದಲಿಸಿತು. ಜಗಳವೊಂದೇ ಕಾರಣವಾಗಿದ್ದರೆ ಮೂರನೆಯವನಿಗೆ ಲಾಭವಾಗುತ್ತಿರಲಿಲ್ಲ. ಜಗಳದ ಖರ್ಚು ಅವನ ಲೆಕ್ಕದ ಪುಸ್ತಕ ಸೇರಿದ್ದೇ ಅನರ್ಥಕ್ಕೆ ಮೂಲ. ಪೇಶ್ವೆ 1817ರಲ್ಲಿ ತಿರುಗಿಬಿದ್ದಾಗ ಹೊತ್ತು ಮೀರಿತ್ತು. 1818ರ ಫೆಬ್ರವರಿಯಲ್ಲಿ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಬಾದಾಮಿ, ಬಾಗಲಕೋಟೆಗಳನ್ನು ಹಿಡಿದ. ಅವನ ಬಳಿ ಕಂಪನಿಯ ಕಾಯಂ ಸಿಪಾಯಿಗಳು ಕೆಲವರೇ. ಠಾಣೆ ಕಾಯಲು, ಕಂದಾಯ ಎತ್ತಲು ಸಂಬಳಕ್ಕೆ ಸೇರಿದವರು ಈ ಸೀಮೆಯ ಜನರೇ.