ಎತ್ತಿಕೊಳ್ಳುವ ಕೈಗಳಿಲ್ಲದ ತೊಟ್ಟಿಲು

ಪಾಠದಲ್ಲಿ ಮನಸ್ಸು ನಿಲ್ಲದ, ಯಾರ ಸಂಗಡವೂ ಬೆರೆಯದ ಕೆಲವು ಹುಡುಗಿಯರನ್ನು ನಾವು ಮಂದಮತಿಗಳೆಂದು ಎಣಿಸಿದ್ದುಂಟು. ಆ ಎಣಿಕೆ ಎಷ್ಟು ಅವಸರದ್ದೆಂಬದು ರುಮೇನಿಯಾ ದೇಶದ ಮಕ್ಕಳ ವೃತ್ತಾಂತವನ್ನೋದಿದ ಮೇಲೆ ನಮಗೆ ತಿಳಿಯಬಂತು.

ಅಲ್ಲಿಯ ಅಧಿಪತಿಯಾದ ಚೌಷೆಸ್ಕು ಜನಸಂಖ್ಯೆಯನ್ನು ಹೆಚ್ಚಿಸುವ ಉದ್ದೇಶದಿಂದ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದನು. ಸಾಕಲಾರದ ಬಡವರು ಕೂಸುಗಳನ್ನು ಸರಕಾರದ ಅನಾಥಾಲಯಗಳಿಗೆ ಒಪ್ಪಿಸಿದರು. 1989ರಲ್ಲಿ ಅವನ ಆಳಿಕೆ ಬಿದ್ದಾಗ ಅಂಥ ಮಕ್ಕಳು ಲಕ್ಷಕ್ಕೂ ಮಿಕ್ಕಿದ್ದರು. ದಾದಿಯರು ಕೆಲವರೇ, ತೊಟ್ಟಿಲುಗಳು ಸಾಲುಸಾಲು. ಅತ್ತರೂ ಯಾರೂ ಬಾರದಲ್ಲಿ ಕೂಸು ಅಳುವದನ್ನೇ ಬಿಡುವದು.

2000ದಿಂದ ನೆಲ್ಸನ್, ಫಾಕ್ಸ್, ಜೀನಾ ಎಂಬ ಅಮೇರಿಕದ ವಿದ್ವಾಂಸರು ಬುಕಾರೆಸ್ಟ್ ನಗರದ ಇಂಥ 136 ಕೂಸುಗಳನ್ನು ಪರೀಕ್ಷಿಸಿ, ಅರ್ಧದಷ್ಟನ್ನು ಚೀಟಿಯೆತ್ತಿ ಸಾಕುತಾಯಂದಿರ ಮನೆಗಳಿಗೆ ಕಳುಹಿಸಿದರು. (ಚೀಟಿ ಬಾರದವರನ್ನು ನೆನೆದರೆ ನಮ್ಮ ಎದೆ ಮರುಗುವದು.) ನಾಲ್ಕೂವರೆ ವರುಷ ಪ್ರಾಯದಲ್ಲಿ ಬುದ್ಧಿಯನ್ನಳೆದಾಗ, ಸಾಮಾನ್ಯ ಮಕ್ಕಳ ಸರಾಸರಿಯಾದ 100ಕ್ಕೆ ಹೋಲಿಸಿದರೆ, ಅನಾಥಾಲಯದಲ್ಲಿ ಬಿಡಲ್ಪಟ್ಟವರದು ಸುಮಾರು 73, ಮನೆಗೆ ಹೋದವರದು 81 ಆಗಿತ್ತು. ಎರಡು ವರುಷ ತುಂಬುವದರೊಳಗೆ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಎಂಟನೆಯ ವರುಷದಲ್ಲಿ ಅವರ ಮಿದುಳಿನ ವಿದ್ಯುತ್ತರಂಗಗಳು ಹೆತ್ತವರ ಬಳಿ ಬೆಳೆದ ಮಕ್ಕಳವುಗಳನ್ನೇ ಹೋಲುತ್ತಿದ್ದವು. ಆದಾಗ್ಯೂ ಗಮನವಿಡುವ ಶಕ್ತಿಯ ಕೊರತೆಯು ಮನೆ ಸೇರಿದ ಹಲವರಲ್ಲಿಯೂ ಉಳಿದೇ ಹೋಯಿತು. ನಾವು ಸೋಮಾರಿತನವೆಂದು ದಂಡಿಸುತ್ತಿದ್ದದ್ದು ಇದನ್ನೇ ಆಗಿರಬಹುದೇ?

ಈಗ ಮಗಳನ್ನು ಶಾಲೆಗೆ ಸೇರಿಸಲು ಬರುವವರನ್ನು, ಮೊದಲೆರಡು ವರುಷ ಅವಳು ಯಾರ ಕೈಯಲ್ಲಿ ಬೆಳೆದಳೆಂದು ನಾವು ಕೇಳುತ್ತೇವೆ. ತಾಯಿತಂದೆಗಳು ಈ ಪ್ರಶ್ನೆಗೆ ಬೇಸರಪಡದೆ ಉತ್ತರ ಕೊಡಬೇಕಾಗಿ ಕೇಳಿಕೊಳ್ಳುತ್ತೇವೆ.